ಜರ್ಮನಿಯ ಸೌನಾದಲ್ಲಿ ಈಜುಚಡ್ಡಿ

ಜರ್ಮನಿಯಲ್ಲಿ ಸೌನಾಗೆ, ಅಂದರೆ ಬಿಸಿಯಲ್ಲಿ ಕೂತು ಬೆವರುವ ಕೋಣೆಗೆ, ಹೋದಾಗ ಹೊರಗೆ ಕಳಿಸಿಬಿಟ್ಟರು, ಯಾಕೆ ಅಂತ ಕೇಳಿದ್ದೀರಿ. ಬಹುಶಃ ಈಜುಚಡ್ಡಿ ಹಾಕಿಕೊಂಡು ಕೂತಿದ್ದಕ್ಕೇ. ಜರ್ಮನಿಯ ಹೆಚ್ಚಿನ ಸೌನಾಗಳಲ್ಲಿ ಬಟ್ಟೆ ಹಾಕುವ ಹಾಗಿಲ್ಲ, ಗಂಡಸರು ಹೆಂಗಸರು ಒಟ್ಟಿಗೇ ಕೂರುತ್ತಾರೆ. ಇದು ದೇಶದ ಕಾನೂನಲ್ಲ, ಆ ಜಾಗದ ನಿಯಮ. ಪೊಲೀಸ್, ಕೇಸು ಅಂತ ಸುಮ್ನೆ ಹೆದರಬೇಡಿ.

ಮುಂದಿನ ಸಲ ಮೊದಲು ಅವರ ವೆಬ್‌ಸೈಟಿನಲ್ಲಿ 'ಟೆಕ್ಸ್‌ಟಿಲ್‌ಸೌನಾ' ಅಂತ ಇದೆಯಾ ನೋಡಿ. ಇದ್ದರೆ ಅಲ್ಲಿ ಈಜುಡುಗೆ ನಡೆಯುತ್ತೆ. ಹೆಂಡತಿಗೆ ಮುಜುಗರ ಅಂದಿದ್ದೀರಲ್ವಾ, ಹಲವು ಕಡೆ ಹೆಂಗಸರಿಗೆ ಮಾತ್ರ ಅಂತ 'ಡಾಮೆನ್‌ಟಾಗ್' ಅನ್ನೋ ದಿನ ಇರುತ್ತೆ. ಎರಡೂ ಇಲ್ಲದಿದ್ದರೆ ಉದ್ದನೆಯ ಟವೆಲ್ ಒಯ್ಯಿರಿ. ಮೊದಲು ಸ್ನಾನ, ಆಮೇಲೆ ಟವೆಲ್ ಹಾಸಿ ಕೂರಿ. ಅದು ಪಾದದಡಿಗೂ ಬರಬೇಕು, ಬೆವರು ಹಲಗೆಗೆ ತಾಗಬಾರದು. ಸುತ್ತಿಕೊಂಡು ಕೂರಲು ಬಿಡ್ತಾರಾ ಅನ್ನೋದು ಜಾಗದಿಂದ ಜಾಗಕ್ಕೆ ಬೇರೆ, ಕೌಂಟರಿನಲ್ಲೇ ಕೇಳಿ. ಫೋನನ್ನಂತೂ ಲಾಕರಿನಲ್ಲೇ ಇಡಿ. ಎಲ್ಲರೂ ಬೆತ್ತಲೆ ಇರೋ ಕಡೆ ಕ್ಯಾಮೆರಾ ಕಂಡರೆ ಬೈತಾರೆ.