ಮುಟ್ಟು ನಿಂತ ಮೇಲೆ ನಿದ್ದೆ ಇಲ್ಲ, ವಾಕಿಂಗ್ ಮಾಡಿದರೂ ಗುಣ ಕಾಣುತ್ತಿಲ್ಲ. ಬಿಟ್ಟುಬಿಡಲಾ?

ಬಿಡಬೇಡಿ. ಮೊದಲು ಹೊತ್ತು ಬದಲಿಸಿ ನೋಡಿ.

ನಿಮಗೆ 52, ಮುಟ್ಟು ನಿಂತು ಎರಡು ವರ್ಷ ಅಂದಿದ್ದೀರಿ. ಮಲಗಿದರೆ ಗಂಟೆಗಟ್ಟಲೆ ಹೊರಳಾಟ. ಅಡುಗೆಮನೆ ಕೆಲಸವೆಲ್ಲ ಮುಗಿಸಿ ರಾತ್ರಿ ಒಂಬತ್ತಕ್ಕೆ ಬಿರುಸಾಗಿ ನಡೆಯುತ್ತಿದ್ದೀರಿ, ಮೂರು ವಾರವಾಯಿತು. ಐದು ವರ್ಷದ ಹಿಂದೆ ನಾನೂ ಹೀಗೇ ಮಾಡುತ್ತಿದ್ದೆ. ಬೆಳಗ್ಗೆ ತಿಂಡಿ, ಡಬ್ಬಿ, ಅತ್ತೆಯವರ ಮಾತ್ರೆ. ನಮಗೆ ಬಿಡುವು ಸಿಗುವುದೇ ರಾತ್ರಿ, ಅಲ್ವಾ? ಆದರೆ ನಡೆದು ಬಂದು ಮಲಗಿದರೆ ಮೈ ಕಾದ ಹಾಗೆ, ಎದೆ ಬಡಿತ ಜಾಸ್ತಿ. ನಿದ್ದೆ ಇನ್ನೂ ದೂರ.

ಆಮೇಲೆ ಅಮೆರಿಕದ ಸಿಯಾಟಲ್‌ನಲ್ಲಿ ನಡೆದ ಒಂದು ಅಧ್ಯಯನದ ಬಗ್ಗೆ ಓದಿದೆ. 2003ರಲ್ಲಿ ಪ್ರಕಟವಾದದ್ದು. ಮುಟ್ಟು ನಿಂತ, ತೂಕ ಜಾಸ್ತಿ ಇದ್ದ, ವ್ಯಾಯಾಮದ ಅಭ್ಯಾಸವಿಲ್ಲದ 173 ಹೆಂಗಸರು, 50ರಿಂದ 75 ವಯಸ್ಸಿನವರು. ಅರ್ಧ ಜನಕ್ಕೆ ಒಂದು ವರ್ಷ ವಾರಕ್ಕೆ ಐದು ದಿನ 45 ನಿಮಿಷದ ವ್ಯಾಯಾಮ, ಉಳಿದವರಿಗೆ ಮೈ ಸಡಿಲಿಸುವ ಸ್ಟ್ರೆಚಿಂಗ್. ಬೆಳಗಿನ ಹೊತ್ತು ವಾರಕ್ಕೆ 225 ನಿಮಿಷವೋ ಅದಕ್ಕಿಂತ ಹೆಚ್ಚೋ ವ್ಯಾಯಾಮ ಮಾಡಿದವರಿಗೆ, 180ಕ್ಕಿಂತ ಕಡಿಮೆ ಮಾಡಿದವರಿಗಿಂತ ಸುಲಭವಾಗಿ ನಿದ್ದೆ ಹತ್ತಿತು. ಸಂಜೆ ಅಷ್ಟೇ ಹೊತ್ತು ಮಾಡಿದವರಿಗೆ ಉಲ್ಟಾ, ನಿದ್ದೆ ಹತ್ತುವುದೇ ಕಷ್ಟವಾಯಿತು! ಬರೀ ಸ್ಟ್ರೆಚಿಂಗ್ ಮಾಡಿದವರಿಗೂ ಮೊದಲಿಗಿಂತ ನಿದ್ದೆ ಸುಧಾರಿಸಿತ್ತು. ಮಂಡಿ ನೋವಿದ್ದು ಬಿರುಸಾಗಿ ನಡೆಯಲಾಗದವರಿಗೆ ಇದು ನಿಜಕ್ಕೂ ಸಮಾಧಾನದ ಮಾತು.

ಇದು ಒಂದೇ ಅಧ್ಯಯನ. ಸಂಜೆ ನಡೆದೂ ಚೆನ್ನಾಗಿ ನಿದ್ದೆ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ನಿದ್ದೆ ಬರಬೇಕಾದರೆ ಮೈಯೊಳಗಿನ ಬಿಸಿ ಸ್ವಲ್ಪ ಇಳಿಯಬೇಕು. ಮಲಗುವ ಹೊತ್ತಿಗೆ ಸರಿಯಾಗಿ ನಾವೇ ಅದನ್ನು ಏರಿಸಿಕೊಂಡರೆ ಹೇಗೆ? ಬೆಳಗ್ಗೆ ನಡೆದರೆ ಬಿಸಿಲೂ ಕಣ್ಣಿಗೆ ಬೀಳುತ್ತದೆ, ಹಗಲು ಯಾವುದು ರಾತ್ರಿ ಯಾವುದು ಅಂತ ಮೈಗೆ ಗೊತ್ತಾಗುತ್ತದೆ.

ನಾನು ತಿಂಡಿ ಕೆಲಸವನ್ನು ಮನೆಯವರಿಗೆ ವಹಿಸಿ ಆರೂವರೆಗೆ ಹೊರಡಲು ಶುರು ಮಾಡಿದೆ. ಇದನ್ನು ಕೇಳಿ ಪಡೆಯಲು ನನಗೆ ನಡಿಗೆಗಿಂತ ಹೆಚ್ಚು ಧೈರ್ಯ ಬೇಕಾಯಿತು. ಮೊದಲು 15 ನಿಮಿಷ, ಆಮೇಲೆ ನಿಧಾನವಾಗಿ 40. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ಮನೆಗೆಲಸದಲ್ಲಿ ಸುಸ್ತಾಗುತ್ತದೆ ನಿಜ, ಆದರೆ ಹೀಗೆ ಅರ್ಧ ಗಂಟೆ ಬಿಡದೆ ಉಸಿರು ಏರುವುದು ಕಡಿಮೆ. ನನಗೆ ವ್ಯತ್ಯಾಸ ಗೊತ್ತಾಗಿದ್ದು ಎರಡು ತಿಂಗಳಾದ ಮೇಲೆ. ಮೂರು ವಾರ ಸಾಲದು.

ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುವುದು ಮಾತ್ರ ನಡಿಗೆಯಿಂದ ನಿಲ್ಲುತ್ತದೆ ಅಂತ ಕಾಯಬೇಡಿ. ಅಮೆರಿಕದಲ್ಲೇ 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 12 ವಾರ ವ್ಯಾಯಾಮ ಮಾಡಿದರೂ ಅದು ಕಡಿಮೆಯಾಗಲಿಲ್ಲ, ನಿದ್ದೆ ಮಾತ್ರ ಸ್ವಲ್ಪ ಸುಧಾರಿಸಿತು. ಬೆವರಿನ ಕಾಟ ತಡೆಯಲಾಗದಿದ್ದರೆ ಸ್ತ್ರೀರೋಗ ತಜ್ಞರನ್ನು ಕೇಳಿ, ಅದಕ್ಕೆ ಬೇರೆ ಚಿಕಿತ್ಸೆ ಇದೆ.

ಇನ್ನೊಂದು. ನೀವು ಗೊರಕೆ ಹೊಡೆಯುತ್ತೀರಾ, ಮಧ್ಯೆ ಉಸಿರು ಕಟ್ಟಿದ ಹಾಗಾಗುತ್ತದಾ ಅಂತ ಪಕ್ಕದಲ್ಲಿ ಮಲಗುವವರನ್ನು ಕೇಳಿ ನೋಡಿ. ಮುಟ್ಟು ನಿಂತ ಮೇಲೆ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಆಗಾಗ ಉಸಿರು ನಿಲ್ಲುವ ತೊಂದರೆ, ನಮ್ಮಲ್ಲಿ ಜಾಸ್ತಿಯಾಗುತ್ತದೆ. ಹೌದು ಅಂದರೆ ವಾಕಿಂಗ್ ಜೊತೆಗೆ ಡಾಕ್ಟರಿಗೂ ತೋರಿಸಿ, ತಡ ಮಾಡಬೇಡಿ.