ಬೆಳವಣಿಗೆಯ ಹಾರ್ಮೋನ್ ಬಿಟ್ಟು ಐಜಿಎಫ್-1 ಟೆಸ್ಟ್ ಯಾಕೆ?

ಕುಂಬಳೆಯಿಂದ ಕೇಳಿದವರಿಗೆ: ಮಗ ಗಿಡ್ಡ ಅಂತ ಮಂಗಳೂರಿಗೆ ಕರೆದುಕೊಂಡು ಹೋದರೆ, ಡಾಕ್ಟ್ರು ಬೆಳವಣಿಗೆಯ ಹಾರ್ಮೋನ್ ಬಿಟ್ಟು ಐಜಿಎಫ್-1 (ಇನ್ಸುಲಿನ್ ತರಹದ, ಬೆಳವಣಿಗೆಗೆ ಬೇಕಾದ ಒಂದು ಹಾರ್ಮೋನ್) ಟೆಸ್ಟ್ ಬರೆದದ್ದು ಯಾಕೆ ಅಂತ ಕೇಳಿದ್ದೀರಿ ಅಲ್ವಾ?

ಬೆಳವಣಿಗೆಯ ಹಾರ್ಮೋನ್ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಬಿಟ್ಟು ಬಿಟ್ಟು ಬರುತ್ತದೆ, ಜಾಸ್ತಿ ರಾತ್ರಿ ಗಾಢ ನಿದ್ದೆಯಲ್ಲಿ. ಬೆಳಿಗ್ಗೆ ರಕ್ತ ತೆಗೆದರೆ ಏನೂ ಕಾಣದೇ ಇರಬಹುದು. ಆದರೆ ಅದು ಲಿವರಿನಲ್ಲಿ ಮಾಡಿಸುವ ಐಜಿಎಫ್-1 ಮಟ್ಟ ದಿನವಿಡೀ ಹೆಚ್ಚುಕಮ್ಮಿ ಒಂದೇ. ಮೂಳೆ ತುದಿಯ ಮೆದು ಎಲುಬಿನ ಕೋಶಗಳು ಹೆಚ್ಚಾಗಲು ಎರಡೂ ಬೇಕು. ಐಜಿಎಫ್ ಜಾಸ್ತಿಯಾದರೆ ಪಿಟ್ಯುಟರಿಗೇ ಬ್ರೇಕ್ ಬಿದ್ದು ಬೆಳವಣಿಗೆಯ ಹಾರ್ಮೋನ್ ಬರುವುದು ಕಮ್ಮಿಯಾಗುತ್ತದೆ.

ಅದಿರಲಿ, ಮಗ ಸರಿಯಾಗಿ ಊಟ ಮಾಡ್ತಾನಾ? ಹೊಟ್ಟೆಗೆ ಸಾಲದಿದ್ದರೆ ಹಾರ್ಮೋನ್ ಎಷ್ಟು ಏರಿದರೂ ಲಿವರ್ ಕೇಳುವುದಿಲ್ಲ, ಐಜಿಎಫ್ ಕಮ್ಮಿಯೇ ಬರುತ್ತದೆ. ಥೈರಾಯ್ಡ್ ಹಾರ್ಮೋನ್ ಕಮ್ಮಿಯಿದ್ದರೂ ಐಜಿಎಫ್ ಕಮ್ಮಿ ಬರಬಹುದು. ಒಂದು ಅಂಕೆ ನೋಡಿ ಸುಮ್ನೆ ಬೆಳವಣಿಗೆಯ ಹಾರ್ಮೋನ್ ಇಂಜೆಕ್ಷನ್ ಲೆಕ್ಕ ಹಾಕಬೇಡಿ. ಶಾಲೆಯಲ್ಲಿ ಬರೆದಿಟ್ಟ ಹಳೆಯ ಎತ್ತರ ಸಿಕ್ಕಿದರೆ ಡಾಕ್ಟ್ರಿಗೆ ತೋರಿಸಿ.