ಕಾಸರಗೋಡಿಗೆ ಬರ್ತೀರಾ? ಮಕ್ಕಳ ಚಿಂತೆ ಬಿಡಿ, ನಿಮ್ಮದು ನೋಡಿಕೊಳ್ಳಿ

ನೀವು ಕೇಳಿದ್ದು ಎರಡೇ ಸಾಲು. ಕಾಸರಗೋಡಿಗೆ ಟ್ರಾನ್ಸ್‌ಫರ್ ಆಗಿದೆ, ಇಬ್ಬರು ಸಣ್ಣ ಗಂಡು ಮಕ್ಕಳು, ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಗೊತ್ತಿಲ್ಲ, ಅಲ್ಲಿ ಬದುಕು ಹೇಗೆ ಅಂತ. ನನಗೂ ಇಬ್ಬರು ಗಂಡು ಮಕ್ಕಳೇ. ದೊಡ್ಡವನಿಗೆ 10, ಸಣ್ಣವನಿಗೆ 5. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತದೆ. ಚಾ ಇಟ್ಟುಕೊಂಡು ಕೂತು ಓದಿ.

ನಮ್ಮ ಮನೆ ಪೆರ್ಲದ ಹತ್ತಿರ. ಕಲ್ಲಡ್ಕದಿಂದ ಚೆರ್ಕಳಕ್ಕೆ ಬರುವ ರಸ್ತೆಯಲ್ಲಿ ಸಾರಡ್ಕದಲ್ಲಿ ಚೆಕ್‌ಪೋಸ್ಟ್ ಉಂಟು, ಅದರ ಈಚೆಗೆ ಕೇರಳ, ಆಚೆಗೆ ಕರ್ನಾಟಕ. ನನ್ನ ಹೆಂಡತಿಯ ತವರು ವಿಟ್ಲ. ಅಂದರೆ ಮಕ್ಕಳ ಅಜ್ಜನ ಮನೆ ಬೇರೆ ರಾಜ್ಯದಲ್ಲಿ, ಆದರೆ ಬೆಳಗ್ಗೆ ದೋಸೆ ತಿಂದು ಹೊರಟರೆ ಅಲ್ಲಿ ಇನ್ನೊಮ್ಮೆ ಬಿಸಿ ದೋಸೆ ಸಿಗುವಷ್ಟು ಹತ್ತಿರ. ಹೊರಗಿನವರಿಗೆ ಗಡಿ ಅಂದ ಕೂಡಲೇ ಬೇಲಿ, ಗಲಾಟೆ, ಬಾವುಟ ನೆನಪಾಗುತ್ತದೆ. ನಮಗೆ ಗಡಿ ಅಂದರೆ ಫೋನಿಗೆ ಬರುವ 'ಸ್ವಾಗತ' ಮೆಸೇಜು, ಮತ್ತೆ ಪೆಟ್ರೋಲ್ ಎಲ್ಲಿ ಹಾಕಿಸುವುದು ಅನ್ನುವ ಲೆಕ್ಕ. ಅಷ್ಟೇ.

ಯಾವಾಗಲೂ ಅಷ್ಟೇ ಅಂತ ಹೇಳಿದರೆ ಸುಳ್ಳಾಗುತ್ತದೆ. 2020ರ ಮಾರ್ಚ್‌ನಲ್ಲಿ ಹೆಂಡತಿ ಎರಡನೇ ಬಾಣಂತನಕ್ಕೆ ವಿಟ್ಲಕ್ಕೆ ಹೋಗಿದ್ದಳು, ದೊಡ್ಡವನನ್ನೂ ಕರೆದುಕೊಂಡು. ಕೊರೊನಾ ಬಂತು, ರಸ್ತೆಗಳಿಗೆ ಮಣ್ಣು ಸುರಿದರು. ನಾಲ್ಕು ತಲೆಮಾರಿನಿಂದ ನಾವು ಮದುವೆಗೆ, ಬೊಜ್ಜಕ್ಕೆ (ಸತ್ತವರ ಉತ್ತರಕ್ರಿಯೆಗೆ), ಅಡಿಕೆ ಮಾರಲಿಕ್ಕೆ ನಡೆದ ದಾರಿಯ ಮೇಲೆ ಕೆಂಪು ಮಣ್ಣಿನ ರಾಶಿ. ಮಂಗಳೂರು ಹೆದ್ದಾರಿಯ ಗಡಿ ತಲಪಾಡಿಯಲ್ಲಿ ಆಂಬುಲೆನ್ಸ್‌ಗಳೇ ನಿಂತವು. ಆಸ್ಪತ್ರೆಗೆ ನಾವೆಲ್ಲ ಮಂಗಳೂರನ್ನೇ ನಂಬಿದವರು, ದಾಟಲಾಗದೆ ಜೀವ ಹೋದವರೂ ಇದ್ದಾರೆ. ನನ್ನ ಸಣ್ಣ ಮಗನನ್ನು ನಾನು ಮೊದಲು ನೋಡಿದ್ದು ಫೋನಿನಲ್ಲಿ. ಎತ್ತಿಕೊಳ್ಳುವಾಗ ಅವನಿಗೆ ಒಂದೂವರೆ ತಿಂಗಳು. ನನ್ನ ಮೀಸೆ ನೋಡಿ ಅತ್ತುಬಿಟ್ಟ. ಆ ಏಪ್ರಿಲ್‌ನಲ್ಲೇ ನಮ್ಮ ಹತ್ತಿರದ ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಕಟ್ಟಡವನ್ನು ತರಾತುರಿಯಲ್ಲಿ ಕೋವಿಡ್ ಆಸ್ಪತ್ರೆ ಮಾಡಿದರು. ಕಲ್ಲು ಹಾಕಿದ್ದು 2013ರಲ್ಲಿ ಅಂತ ನೆನಪಿಟ್ಟುಕೊಳ್ಳಿ. ಇಲ್ಲಿ ಕೆಲಸಗಳು ಯಾವ ವೇಗದಲ್ಲಿ ಆಗುತ್ತವೆ ಅಂತ ನಿಮಗೆ ಅಂದಾಜು ಸಿಗುತ್ತದೆ.

ಇನ್ನು ಭಾಷೆ. ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಅಂತ ಭಾಷಣದಲ್ಲೆಲ್ಲ ಹೇಳುತ್ತಾರೆ. ಭಾಷಣ ಬಿಡಿ, ನಮ್ಮ ಅಂಗಳಕ್ಕೆ ಬನ್ನಿ. ಮನೆಯೊಳಗೆ ಕನ್ನಡ. ತೋಟದ ಕೆಲಸಕ್ಕೆ ಬರುವವರ ಜೊತೆ ತುಳು. ಮೀನಿನ ಗಾಡಿಯವನ ಜೊತೆ ಬ್ಯಾರಿ ಮತ್ತು ಮಲಯಾಳ ಕಲಸಿದ್ದು. ಪಕ್ಕದ ಮನೆಯಲ್ಲಿ ಮರಾಠಿ. ಪೇಟೆಗೆ ಇಳಿದರೆ ಮಲಯಾಳ. ಇದನ್ನೆಲ್ಲ ನಮ್ಮ ಮಕ್ಕಳಿಗೆ ಯಾರೂ ಕಲಿಸಲಿಲ್ಲ. ಮೊನ್ನೆ ಇಬ್ಬರೂ ಅಡಿಕೆ ಹಾಳೆ ಎಳೆದಾಡುತ್ತಿದ್ದರು. ಅಡಿಕೆ ಮರದ ಸೋಗೆಯ ಬುಡ ಇದೆಯಲ್ಲ, ಅಗಲಕ್ಕೆ ದೋಣಿಯ ಹಾಗಿರುತ್ತದೆ, ಒಬ್ಬ ಅದರ ಮೇಲೆ ಕೂರುವುದು, ಇನ್ನೊಬ್ಬ ಸೋಗೆ ಹಿಡಿದು ಅಂಗಳ ತುಂಬ ಎಳೆಯುವುದು. ಕೂರುವ ಸರದಿ ಯಾರದ್ದು ಅಂತ ಜಗಳ ಶುರುವಾಯಿತು. "ಇದು ನಾನು ತಂದ ಹಾಳೆ" ಅಂತ ದೊಡ್ಡವ ಕನ್ನಡದಲ್ಲಿ. "ತರೂಲ" ಅಂತ ಸಣ್ಣವ ಮಲಯಾಳದಲ್ಲಿ, ಅಂದರೆ ಕೊಡುವುದಿಲ್ಲ ಅಂತ. ದೊಡ್ಡವ ಒಂದು ಬಿಟ್ಟ. ಸಣ್ಣವ ಅಳುತ್ತಾ ಬಂದು ತುಳುವಿನಲ್ಲಿ ಕೆಲಸದಾಕೆಗೆ ದೂರು ಹೇಳಿದ, ಯಾಕೆಂದರೆ ಅವರು ಅವನ ಪಕ್ಷ. ನನ್ನ ಹತ್ತಿರ ಬರಲೇ ಇಲ್ಲ. ಯಾವ ಕೋರ್ಟಿಗೆ ಯಾವ ಭಾಷೆ ಅಂತ 5 ವರ್ಷದವನಿಗೆ ಚೆನ್ನಾಗಿ ಗೊತ್ತು.

ಹಾಗಾಗಿ ನಿಮ್ಮ ಮಕ್ಕಳು ಮಲಯಾಳ ಹೇಗೆ ಕಲಿಯುತ್ತಾರೆ ಅನ್ನುವ ಹೆದರಿಕೆ ಬೇಡ. ಮಳೆಗಾಲ ಮುಗಿಯುವುದರೊಳಗೆ ಮಾತಾಡುತ್ತಾರೆ. ಒದ್ದಾಡುವುದು ನೀವು. ನನಗೆ ಗೊತ್ತಿರುವ ಒಬ್ಬರು ಬ್ಯಾಂಕಿಗೆ ಅಂತ ಬೆಂಗಳೂರಿಂದ ಬಂದು ಮೂರು ವರ್ಷ ಇದ್ದರು, ಅಂಗಡಿಗೆ ಹೋಗುವಾಗ ಮಗನನ್ನು ಕರೆದುಕೊಂಡೇ ಹೋಗುತ್ತಿದ್ದರು. ಮಗ ಅದಕ್ಕೆ ಪ್ರತಿ ಸಲ ಒಂದು ಐಸ್‌ಕ್ರೀಮ್ ವಸೂಲಿ ಮಾಡುತ್ತಿದ್ದ.

ಚಿಂತೆ ಮಾಡಬೇಕಾದ್ದು ಶಾಲೆಯದ್ದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲೇ ಇದು ಒಡೆದುಹೋಗಿದೆ. ಇಲ್ಲಿ ಕನ್ನಡ ಮೀಡಿಯಂ ಶಾಲೆಗಳು ಇವೆ, ಕೇರಳ ಸರ್ಕಾರವೇ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ದೊಡ್ಡವ ಅಂಥ ಶಾಲೆಯಲ್ಲಿ ಐದನೇ ಕ್ಲಾಸು. ನಾನು ಓದಿದ್ದೂ ಕನ್ನಡ ಮೀಡಿಯಂ, ನನ್ನ ಅಪ್ಪ ಕನ್ನಡ ಮಾಸ್ತರು. ಬೇರೆ ಯೋಚನೆಯೇ ಬರಲಿಲ್ಲ. ಕಳೆದ ವರ್ಷ ಒಂದು ದಿನ ಅವನ ಗಣಿತದ ನೋಟ್ಸ್ ತೆರೆದು ನೋಡಿದೆ. ಕನ್ನಡ ಅಕ್ಷರದಲ್ಲಿ, ಅಂದವಾಗಿ, 'ಸಮಚತುರಂ' ಅಂತ ಬರೆದು ಕೆಳಗೆ ಗೆರೆ ಎಳೆದಿದ್ದ. ಚೌಕಕ್ಕೆ ಮಲಯಾಳದಲ್ಲಿ ಹಾಗೆ ಹೇಳುವುದು. ಅದರ ಕೆಳಗೆ ಭಿನ್ನರಾಶಿಗೆ 'ಭಿನ್ನಸಂಖ್ಯ'. ಎಂತದು ಮಾರಾಯ ಇದು ಅಂತ ಕೇಳಿದರೆ, ಹೊಸ ಟೀಚರಿಗೆ ಕನ್ನಡ ಬರುವುದಿಲ್ಲ, ಅವರು ಮಲಯಾಳದಲ್ಲಿ ಹೇಳುತ್ತಾರೆ, ನಾವು ಕನ್ನಡದಲ್ಲಿ ಬರೆಯುತ್ತೇವೆ ಅಂದ. ಏನೂ ಆಗಿಲ್ಲ ಅನ್ನುವ ಹಾಗೆ. ಪಾಪ, ಆ ಟೀಚರಿಗೂ ಕಷ್ಟವೇ, ಹಾಕಿದ ಕಡೆ ಬಂದಿದ್ದಾರೆ. ಹೆತ್ತವರೆಲ್ಲ ಹೋಗಿ ಕೂತು, ಅರ್ಜಿ ಕೊಟ್ಟು, ಎಷ್ಟೋ ತಿಂಗಳಾದ ಮೇಲೆ ಬದಲಿ ಬಂದರು. ಕನ್ನಡ ಬಾರದವರನ್ನು ಕನ್ನಡ ಶಾಲೆಗೆ ಹಾಕುವ ಜಗಳ ಇಲ್ಲಿ ಹೊಸತೇನಲ್ಲ.

ಸಣ್ಣವನನ್ನು ನಾನು ಇಂಗ್ಲಿಷ್ ಮೀಡಿಯಂಗೆ ಹಾಕಿದೆ. ಹೇಳಲಿಕ್ಕೆ ನಾಚಿಕೆಯೂ ಆಗುತ್ತದೆ, ತಪ್ಪು ಮಾಡಿದೆ ಅಂತಲೂ ಅನಿಸುವುದಿಲ್ಲ. ಅಪ್ಪ ಒಂದು ವಾರ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಅವರೇ ದಾರಿ ಹುಡುಕಿದರು. ಸಂಜೆ ದೀಪ ಹಚ್ಚಿದ ಮೇಲೆ ಪೇಪರಿನ ದೊಡ್ಡಕ್ಷರದ ಹೆಡ್ಡಿಂಗು ಓದಿಸುತ್ತಾರೆ, ಐದು ಹೆಡ್ಡಿಂಗು ಓದಿದರೆ ಒಂದು ಕಡ್ಲೆ ಮಿಠಾಯಿ. ಹುಡುಗ ಈಗ ಚುನಾವಣೆ, ಅಪಘಾತ, ಚಿನ್ನದ ಬೆಲೆ ಎಲ್ಲ ಓದುತ್ತಾನೆ, ಅರ್ಥ ಮಾತ್ರ ಗೊತ್ತಿಲ್ಲ.

ಒಂದು ತಮಾಷೆ ಹೇಳುತ್ತೇನೆ. ಸಣ್ಣವ 'ಮಳೆ' ಅನ್ನುವಾಗ ನಾಲಿಗೆ ಹಿಂದಕ್ಕೆ ಮಡಚಿ ಮಲಯಾಳದ 'ಮೞ'ದ ಹಾಗೆ 'ಮೞೆ' ಅನ್ನುತ್ತಾನೆ. ಹೆಂಡತಿಗೆ ಸಿಟ್ಟು, ತಿದ್ದಿ ತಿದ್ದಿ ಸುಸ್ತಾದಳು. ಅಪ್ಪ ಮಾತ್ರ ನಗುತ್ತಾರೆ. ಪಂಪನ ಕಾಲದಲ್ಲಿ ಕನ್ನಡದವರೂ ಮೞೆ ಅಂತಲೇ ಹೇಳುತ್ತಿದ್ದದ್ದು, ಏೞು ಅಂತಲೇ ಎಣಿಸುತ್ತಿದ್ದದ್ದು, ಆ ಅಕ್ಷರವನ್ನು ಕಳೆದುಕೊಂಡವರು ನಾವು, ಹುಡುಗ ಹುಡುಕಿ ತಂದಿದ್ದಾನೆ ಬಿಡಿ ಅಂತ. ಹೆಂಡತಿ ಹೇಳುತ್ತಾಳೆ, ಪಂಪ ಒಂದನೇ ಕ್ಲಾಸಿನ ಡಿಕ್ಟೇಶನ್ ಬರೆಯಬೇಕಿರಲಿಲ್ಲ ಮಾವ ಅಂತ. ಇಬ್ಬರದ್ದೂ ಸರಿ ಅಲ್ವಾ?

ವಿಟ್ಲದ ಭಾವನ ಮಗನೂ ದೊಡ್ಡವನೂ ಒಂದೇ ವಯಸ್ಸು. ಅವನಿಗೆ ಕರ್ನಾಟಕದ 31 ಜಿಲ್ಲೆ ಬಾಯಿಪಾಠ. ಇವನಿಗೆ ಕೇರಳದ 14 ಜಿಲ್ಲೆ, 44 ನದಿ. ರಜೆಯಲ್ಲಿ ಇಬ್ಬರೂ ಜಗಲಿಯಲ್ಲಿ ಕೂತು ಸವಾಲು ಹಾಕುತ್ತಾರೆ. ಬೀದರ್ ಎಲ್ಲಿದೆ ಅಂತ ನನ್ನ ಮಗನಿಗೆ ಗೊತ್ತಿಲ್ಲ, ಪಾಲಕ್ಕಾಡ್ ಅಂದರೆ ಅವನಿಗೆ ಗೊತ್ತಿಲ್ಲ. ಕನ್ನಡದಲ್ಲೇ ಓದಿ, ಕನ್ನಡದಲ್ಲೇ ಬರೆದು, ಕರ್ನಾಟಕ ಗೊತ್ತಿಲ್ಲದ ಮಕ್ಕಳು ನಮ್ಮವರು. ಇದು ನನಗೆ ಆಗಾಗ ಚುಚ್ಚುತ್ತದೆ. ಹುಡುಗರಿಗೆ ಚುಚ್ಚುವುದು ಬೇರೆ ವಿಷಯ, ಮಳೆಯ ರಜೆ. ಜುಲೈಯಲ್ಲಿ ಜೋರು ಮಳೆ ಹಿಡಿದರೆ ರಾತ್ರಿ ಊಟದ ಹೊತ್ತಿಗೆ ನನ್ನ ಫೋನ್ ಅವರ ಕೈಯಲ್ಲಿ. ಕಾಸರಗೋಡಿನ ಕಲೆಕ್ಟರ್ ರಜೆ ಕೊಟ್ಟರಾ, ಮಂಗಳೂರಿನ ಡಿಸಿ ಕೊಟ್ಟರಾ ಅಂತ ಎರಡೂ ನೋಡುವುದು. ಅಲ್ಲಿ ಕೊಟ್ಟು ಇಲ್ಲಿ ಕೊಡದಿದ್ದರೆ ಆ ರಾತ್ರಿ ನಮ್ಮ ಮನೆಯಲ್ಲಿ ಗಡಿ ಹೋರಾಟ ಮತ್ತೆ ಶುರು. "ನಮ್ಮನ್ನು ಯಾಕೆ ಕೇರಳಕ್ಕೆ ಹಾಕಿದ್ದು?" ಅಂತ ದೊಡ್ಡವ ಒಮ್ಮೆ ಕೇಳಿದ. ಅಪ್ಪ ಶುರು ಮಾಡಿದರು, 1956ರ ನವೆಂಬರ್ 1, ಆಮೇಲೆ ಮಹಾಜನ ಆಯೋಗ, ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ 1967ರಲ್ಲಿ ವರದಿ... ಹುಡುಗ ಅಷ್ಟರಲ್ಲಿ ನಿದ್ದೆ ಹೋಗಿದ್ದ.

ಆ ನವೆಂಬರ್ 1 ಇನ್ನೊಂದು ಗೋಜಲು. ಅಜ್ಜನ ಮನೆಯ ಕಡೆ ಅಂದು ರಾಜ್ಯೋತ್ಸವ, ಹಳದಿ ಕೆಂಪು ಬಾವುಟ. ಸಣ್ಣವನ ಶಾಲೆಯಲ್ಲಿ ಅಂದೇ ಕೇರಳ ಪಿರವಿ, ಅಂದರೆ ಕೇರಳ ರಾಜ್ಯ ಹುಟ್ಟಿದ ದಿನ, ಬಿಳಿ ಮುಂಡು (ಪಂಚೆ) ಉಡಿಸಿ ಕಳಿಸಬೇಕು. ಮುಂಡು ನಿಲ್ಲುವುದಿಲ್ಲ, ಸೊಂಟಕ್ಕೆ ಅವನ ಅಣ್ಣನ ಬೆಲ್ಟ್ ಕಟ್ಟಿ ಕಳಿಸುತ್ತೇವೆ. ನನ್ನ ಅಪ್ಪನಂಥ ಹಳಬರಿಗೆ ಅದು ಹಬ್ಬವೇ ಅಲ್ಲ, ಊರು ಕೈತಪ್ಪಿದ ದಿನ. ಅವರು ಏನೂ ಹೇಳುವುದಿಲ್ಲ. ಮೊಮ್ಮಗನ ಮುಂಡಿನ ಅಂಚು ಸರಿ ಮಾಡಿ ಕಳಿಸುತ್ತಾರೆ.

ಬಲಿ ಚಕ್ರವರ್ತಿಯೂ ನಮಗೆ ವರ್ಷಕ್ಕೆ ಎರಡು ಸಲ. ಓಣಕ್ಕೆ ಶಾಲೆಯಲ್ಲಿ ಹೂವಿನ ಕಳ (ಹೂವಿನ ರಂಗೋಲಿ), ಹೊಟ್ಟೆ ದೊಡ್ಡದು ಮಾಡಿಕೊಂಡ ಮಾವೇಲಿ, ಅಂದರೆ ಅದೇ ಬಲಿ, ಹತ್ತು ದಿನ ರಜೆ. ದೀಪಾವಳಿಗೆ ಮನೆಯಲ್ಲಿ ಬಲೀಂದ್ರನನ್ನು ಕರೆಯುವುದು, ಅಂಗಳದಲ್ಲಿ ನಿಂತು ಕೂ ಹಾಕುವುದು. ಕಳೆದ ದೀಪಾವಳಿಗೆ ಸಣ್ಣವ ಕೂ ಹಾಕುವುದನ್ನು ಅರ್ಧಕ್ಕೆ ನಿಲ್ಲಿಸಿ ಕೇಳಿದ, ಮಾವೇಲಿ ಓಣಕ್ಕೆ ಬಂದು ಹೋದನಲ್ಲ, ಪುನಃ ಯಾಕೆ? ಯಾರ ಹತ್ತಿರವೂ ಉತ್ತರ ಇರಲಿಲ್ಲ. "ರಜೆ ಕೊಡ್ಲಿಕ್ಕೆ" ಅಂತ ದೊಡ್ಡವ ಹೇಳಿದ, ಅಲ್ಲಿಗೆ ಅದು ಮುಗಿಯಿತು.

ರಜೆಯಲ್ಲಿ ಎಲ್ಲಿಗೆ ಹೋಗುವುದು ಅಂತಲೂ ಹೇಳುತ್ತೇನೆ. ಬೇಕಲ ಕೋಟೆ ಎಲ್ಲರೂ ಹೇಳುತ್ತಾರೆ, ಹೋಗಿ, ಸಂಜೆ ಹೊತ್ತಿಗೆ ಹೋಗಿ, ಮಧ್ಯಾಹ್ನ ಹೋದರೆ ಮಕ್ಕಳು ಬೆಂದುಹೋಗುತ್ತಾರೆ. ಕುಂಬಳೆ ಹತ್ತಿರ ಅನಂತಪುರ ಕೆರೆ ದೇವಸ್ಥಾನಕ್ಕೂ ಹೋಗಿ. ಅಲ್ಲಿನ ಮೊಸಳೆ ಬಬಿಯಾ 2022ರ ಅಕ್ಟೋಬರ್‌ನಲ್ಲಿ ಸತ್ತಾಗ ನಮ್ಮ ದೊಡ್ಡವ ಮನೆಯವರು ಯಾರೋ ಹೋದ ಹಾಗೆ ಅತ್ತ. ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಎಲ್ಲಿಂದ ಬಂತು ಅಂತ ಅವನ ಹತ್ತಿರ ಕೇಳಬೇಡಿ, ಒಂದು ಗಂಟೆ ಹಿಡಿಯುತ್ತದೆ. ಮತ್ತೆ ನಮ್ಮ ಮನೆಗೆ ಬಂದರೆ ಸುರಂಗ ತೋರಿಸುತ್ತೇನೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಕ್ಕೆ ಕೊರೆದದ್ದು, ಒಬ್ಬ ಬಗ್ಗಿ ನಡೆಯುವಷ್ಟು, ಒಳಗಿಂದ ನೀರು ತಾನಾಗಿ ಹರಿದು ಬಂದು ಕೆರೆಗೆ ಬೀಳುತ್ತದೆ. ಪಂಪೂ ಬೇಡ, ಕರೆಂಟೂ ಬೇಡ. ಮೇ ತಿಂಗಳಲ್ಲಿ ಬಾಯಿಯ ಹತ್ತಿರ ಕೂತರೆ ತಣ್ಣಗೆ ಗಾಳಿ ಬರುತ್ತದೆ. ಒಳಗೆ ಮಕ್ಕಳನ್ನು ಬಿಡುವುದಿಲ್ಲ, ಬಾವಲಿಗಳಿವೆ, ಹಾವೂ ಇರುತ್ತದೆ.

ತರಬೇಕಾದ್ದು ಏನು ಅಂದರೆ, ಜೂನ್ ಒಂದಕ್ಕೆ ಶಾಲೆ ಶುರು, ಮಳೆಯೂ ಅದೇ ಹೊತ್ತಿಗೆ. ಯೂನಿಫಾರ್ಮ್ ಮೂರು ಜೊತೆ ಹೊಲಿಸಿ, ಎರಡರಲ್ಲಿ ಒಣಗುವುದಿಲ್ಲ. ಕನ್ನಡದ ಮಕ್ಕಳ ಪುಸ್ತಕ ಒಂದು ಪೆಟ್ಟಿಗೆ ತನ್ನಿ, ಬಟ್ಟೆ ಕಡಿಮೆಯಾದರೂ ಪರವಾಗಿಲ್ಲ. ಇಲ್ಲಿ ಮಾತಿನ ಕನ್ನಡ ಹೋಗುವುದಿಲ್ಲ, ಓದುವ ಕನ್ನಡ ಹೋಗುತ್ತದೆ, ಎರಡು ವರ್ಷದಲ್ಲಿ, ನಿಮಗೆ ಗೊತ್ತೇ ಆಗದ ಹಾಗೆ. ಕ್ರಿಕೆಟ್ ಬ್ಯಾಟ್ ಬೇಕಾದರೆ ತನ್ನಿ, ಆದರೆ ಇಲ್ಲಿ ಮಕ್ಕಳಿಗೆ ಫುಟ್‌ಬಾಲ್ ಹುಚ್ಚು ಜಾಸ್ತಿ. ನಮ್ಮ ದೊಡ್ಡವ ಆರ್‌ಸಿಬಿ, 2025ರಲ್ಲಿ ಕಪ್ ಬಂದ ರಾತ್ರಿ ಮಲಗಲೇ ಇಲ್ಲ. ಸಣ್ಣವ ಕೇರಳ ಬ್ಲಾಸ್ಟರ್ಸ್, ಆ ಹಳದಿ ಜೆರ್ಸಿ ಒಗೆಯಲಿಕ್ಕೂ ಕೊಡುವುದಿಲ್ಲ.

ಮಂಗಳೂರಿಂದ ಬಸ್ಸಲ್ಲಿ ಬರುವುದಾದರೆ ಕುಂಬಳೆಯಲ್ಲಿ ಇಳಿದು ಫೋನ್ ಮಾಡಿ. ಬೋರ್ಡಿನಲ್ಲಿ 'ಕುಂಬಳ' ಅಂತ ಇದ್ದರೂ ಅದೇ ಊರು, ಗಾಬರಿಯಾಗಬೇಡಿ. ಬದಿಯಡ್ಕದ ಬಸ್ಸು ಅಲ್ಲಿಂದ ಸಿಗುತ್ತದೆ, ಬದಿಯಡ್ಕಕ್ಕೆ ನಾನು ಬರುತ್ತೇನೆ. ನಿಮ್ಮ ಮಕ್ಕಳ ವಿಷಯ ಮನೆಯಲ್ಲಿ ಹೇಳಿ ಆಗಿದೆ. ಅವರಲ್ಲಿ ಗೋಲ್ ಕೀಪರ್ ಯಾರಾದರೂ ಇದ್ದಾರಾ ಅಂತ ಸಣ್ಣವ ಕೇಳಲಿಕ್ಕೆ ಹೇಳಿದ್ದಾನೆ.